ಅಪ್ಪನ ಬಂದೂಕಿಗೆ ಯಾವ ಪೆಟ್ಟಿಗೆ? ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ, ಎಂಟು ಲಿವರ್ (ಕೀಲಿಕೈ ತಿರುವಿದಾಗ ಮೇಲೇಳುವ ಒಳಗಿನ ಪಟ್ಟಿ) ಬೀಗದ ಕಬ್ಬಿಣದ ಪೆಟ್ಟಿಗೆಗೆ. ಅದಕ್ಕೆ 14,000 ರೂಪಾಯಿ ಆಯಿತು. ಅದಕ್ಕೂ ಮೊದಲು 19,500 ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಈಗ ಹೊಲದ ಕಾಗದಪತ್ರ ಇಟ್ಟಿದ್ದೇವೆ.

ಬಂದೂಕು ಅಪ್ಪನದು. ನಮ್ಮೂರು ಹಾನಗಲ್ ತಾಲ್ಲೂಕಿನಲ್ಲಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಹನ್ನೆರಡು ಬೋರಿನ ಜೋಡಿ ನಳಿಗೆ. ಗೋವಿನಜೋಳ ತೆನೆ ಕಟ್ಟುವಾಗ ಕಾಡುಹಂದಿ ನುಗ್ಗುತ್ತವೆ, ಆಗ ಗಾಳಿಯಲ್ಲಿ ಒಂದು ಹಾರಿಸಿ ಓಡಿಸುತ್ತಾರೆ. ಆ ಒಂದೂವರೆ ತಿಂಗಳು ಬಿಟ್ಟರೆ ವರ್ಷವಿಡೀ ಅದು ಒಳಗೇ ಇರುತ್ತದೆ. ಮನೆಯಲ್ಲಿ ಅಣ್ಣನ ಮಕ್ಕಳಿಬ್ಬರಿದ್ದಾರೆ, ಒಬ್ಬನಿಗೆ ಆರು ವರ್ಷ, ಇನ್ನೊಬ್ಬನಿಗೆ ಒಂಬತ್ತು. ನನಗೆ ಕಳ್ಳರಿಗಿಂತ ಮೊದಲು ಅವರದೇ ಚಿಂತೆ.

ಮೊದಲು ಬಂದೂಕು ಇದ್ದದ್ದು ಬಟ್ಟೆ ಇಡುವ ತಿಜೋರಿಯಲ್ಲಿ. ಅದರ ತಗಡು ಒಂದು ಮಿಲಿಮೀಟರ್ ಕೂಡ ಇಲ್ಲ. ಬಾಗಿಲಿನ ಕೆಳಗಿನ ಮೂಲೆ ಹಿಡಿದು ಎಳೆದರೆ ಕೈ ತೂರುವಷ್ಟು ಬಾಗುತ್ತದೆ. ಪಕ್ಕದ ಮನೆಯ ತಿಜೋರಿಯ ಕೀಲಿಕೈ ಹಾಕಿ ತಿರುವಿದೆ, ನಮ್ಮದು ತೆರೆಯಿತು. ಅಲ್ಲಿಗೆ ಅದರ ಮಾತು ಮುಗಿಯಿತು.

ಲೈಸೆನ್ಸ್ ನವೀಕರಣ ಹತ್ತಿರ ಬಂದಾಗ ಎಲೆಕ್ಟ್ರಾನಿಕ್ ಪೆಟ್ಟಿಗೆ ತರಿಸಿದೆ. ನೋಡಲು ಚೆಂದ. ಬಾಗಿಲು ದಪ್ಪ, ಮೂರು ಬೋಲ್ಟ್, ಅಂಕಿ ಒತ್ತುವ ಫಲಕ, ಬೆರಳಚ್ಚೂ ಉಂಟು. ಬೆರಳಚ್ಚು ಅಪ್ಪನಿಗೆ ಒಂದು ದಿನವೂ ಕೆಲಸ ಮಾಡಲಿಲ್ಲ. ಐವತ್ತು ವರ್ಷ ಕುಡಗೋಲು, ಸಲಿಕೆ ಹಿಡಿದ ಬೆರಳು, ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯಲ್ಲೂ ಇದೇ ತೊಂದರೆ. ಅಂಕಿಯಾದರೂ ಇದೆಯಲ್ಲ ಅಂತ ಸುಮ್ಮನಾದೆವು.

ಆಮೇಲೆ ಪಂಚಮಿಗೆ ಮನೆ ಸುಣ್ಣ ಮಾಡುವಾಗ ಅದನ್ನು ಸರಿಸಬೇಕಾಯಿತು. ಬಂದೂಕು ಹೊರಗೆ ತೆಗೆದು ಮತ್ತೆ ಬೀಗ ಹಾಕಿದ್ದೆವು. ಅಣ್ಣ ಬಾಗಿಲಿನ ಹಿಡಿ ಹಿಡಿದಿದ್ದ. ನಾನು ಹಿಂದಿನಿಂದ ಎತ್ತುವಾಗ ಕೈ ಜಾರಿ ಪೆಟ್ಟಿಗೆ ದಡ್ ಅಂತ ನೆಲಕ್ಕೆ ಬಡಿಯಿತು. ಹಿಡಿ ತಿರುಗಿತು, ಬಾಗಿಲು ತೆರೆಯಿತು. ಅಂಕಿ ಒತ್ತಿರಲಿಲ್ಲ, ಬೆರಳು ಇಟ್ಟಿರಲಿಲ್ಲ.

ಮತ್ತೆ ಮುಚ್ಚಿ, ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದರಿಂದ ಮೇಲೆ ಗುದ್ದಿ ನೋಡಿದೆ. ಹತ್ತು ಸಲದಲ್ಲಿ ನಾಲ್ಕು ಸಲ ತೆರೆಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ತಿಂಗಳು ಆ ಮಕ್ಕಳು ಅದರ ಪಕ್ಕದಲ್ಲೇ ಆಡಿದ್ದಾರೆ.

ಒಳಗಿನ ಮುಚ್ಚಳ ಬಿಚ್ಚಿದಾಗ ಕಾರಣ ತಿಳಿಯಿತು. ಅಷ್ಟು ದಪ್ಪ ಬೋಲ್ಟುಗಳನ್ನು ತಡೆದು ನಿಲ್ಲಿಸಿದ್ದು ಕಿರುಬೆರಳಿಗಿಂತ ಸಣ್ಣ ಒಂದು ಮೊಳೆ. ಈ ಏರ್ಪಾಡಿಗೆ ಸೊಲೆನಾಯ್ಡ್ ಅನ್ನುತ್ತಾರೆ. ತಂತಿ ಸುರುಳಿಯೊಳಗೆ ಕಬ್ಬಿಣದ ಮೊಳೆ, ಅದನ್ನು ಹೊರಗೆ ತಳ್ಳಲು ಒಂದು ಮೆತ್ತನೆಯ ಸ್ಪ್ರಿಂಗ್. ಸರಿಯಾದ ಅಂಕಿ ಒತ್ತಿದರೆ ಸುರುಳಿಗೆ ಕರೆಂಟ್ ಹೋಗಿ ಮೊಳೆ ಹಿಂದೆ ಸರಿಯುತ್ತದೆ. ಬ್ಯಾಟರಿಯ ಬಲದಲ್ಲಿ ಸರಿಯಬೇಕಲ್ಲ, ಅದಕ್ಕೇ ಸ್ಪ್ರಿಂಗ್ ಅಷ್ಟು ಮೆತ್ತಗೆ. ಹಾಗಾಗಿ ಪೆಟ್ಟು ಬಿದ್ದರೂ ಮೊಳೆ ಕ್ಷಣಕಾಲ ಕುಪ್ಪಳಿಸುತ್ತದೆ. ಆ ಕ್ಷಣಕ್ಕೆ ಹಿಡಿ ತಿರುಗಿದರೆ ಮುಗಿಯಿತು. ಎಲ್ಲ ಎಲೆಕ್ಟ್ರಾನಿಕ್ ಬೀಗವೂ ಹೀಗಲ್ಲ. ಮೋಟರ್ ಇರುವ ಬೀಗದಲ್ಲಿ ತಡೆಯುವ ತುಂಡು ತಿರುಗಿ ಸರಿಯುತ್ತದೆ, ಗುದ್ದಿದರೆ ಜಿಗಿಯುವುದಿಲ್ಲ. ನಾನು ಕೊಳ್ಳುವಾಗ ಇದನ್ನು ಕೇಳಲೇ ಇಲ್ಲ.

ಮಾರಿದವರಿಗೆ ವಿಡಿಯೊ ಕಳಿಸಿದೆ. ವಾಪಸ್ ಮಾಡುವ ಗಡುವು ಮುಗಿದಿದೆ ಅಂದರು. ಎರಡು ಎಂಎಂ ಅಂತ ಬರೆದಿದ್ದ ತಗಡನ್ನು ವರ್ನಿಯರ್ ಹಿಡಿದು ಅಳೆದರೆ 1.2 ಎಂಎಂ ಬಂತು. ಬ್ಯಾಟರಿ ಸತ್ತರೆ ಇರಲಿ ಅಂತ ಕೊಟ್ಟ ತುರ್ತು ಕೀಲಿಕೈಯ ಬೀಗವಂತೂ ಸೂಟ್‌ಕೇಸಿನ ಬೀಗದಷ್ಟೇ ಗಟ್ಟಿ.

ಇನ್ನು ಮಾಡಿಸಿದ್ದು. ಐದು ಅಡಿ ಎತ್ತರ, ಒಂದು ಅಡಿ ಅಗಲ, ಒಂದು ಅಡಿ ಆಳ. ಪೂರ್ತಿ ಮೂರು ಎಂಎಂ ತಗಡು, ಸುಮಾರು 55 ಕೆಜಿ. ಬಾಗಿಲು ಚೌಕಟ್ಟಿನೊಳಗೆ ಕೂರುತ್ತದೆ, ಹಾರೆಯ ತುದಿ ಇಡಲು ಸಂದು ಸಿಗುವುದಿಲ್ಲ. ಹಿಂಜಿನ ಬದಿಗೂ ಒಳಗೆ ಒಂದು ಪಟ್ಟಿ ವೆಲ್ಡ್ ಮಾಡಿಸಿದೆ, ಹೊರಗಿನ ಹಿಂಜು ಕತ್ತರಿಸಿದರೂ ಬಾಗಿಲು ಕಳಚುವುದಿಲ್ಲ. ಬೀಗದಲ್ಲಿ ಎಂಟು ಲಿವರ್ ಇವೆ. ಎಂಟೂ ಒಂದೇ ಸಲಕ್ಕೆ, ತಮ್ಮ ತಮ್ಮ ಎತ್ತರಕ್ಕೆ ಸರಿಯಾಗಿ ಏಳದಿದ್ದರೆ ಬೋಲ್ಟ್ ಅಲ್ಲಾಡುವುದಿಲ್ಲ. ಇದನ್ನೂ ಗುದ್ದಿ ನೋಡಿದೆ. ಕೈ ನೋಯುವ ತನಕ ಗುದ್ದಿದರೂ ತೆರೆಯಲಿಲ್ಲ.

ಕೊರತೆಯೂ ಇದೆ. ಹೇಳಿದ್ದು ಎಂಟು ದಿನ, ಕೊಟ್ಟದ್ದು ಇಪ್ಪತ್ತೆರಡು ದಿನಕ್ಕೆ. ಬಣ್ಣ ಒರಟು. ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ, ಗೋಡೆಗೆ ಹಾಕಿದ ಆಂಕರ್ ಬೋಲ್ಟ್ ಕೈಯಲ್ಲೇ ಕಿತ್ತು ಬಂತು. ಬೋಲ್ಟ್ ಹಿಡಿಯದಿದ್ದರೆ 55 ಕೆಜಿ ಪೆಟ್ಟಿಗೆಯನ್ನು ಇಬ್ಬರು ಆರಾಮಾಗಿ ಹೊತ್ತೊಯ್ಯಬಹುದು, ಅಲ್ವಾ? ನೆಲ ಒಂದು ಅಡಿ ಅಗೆದು, ಕಾಂಕ್ರೀಟ್ ತುಂಬಿ, ಅದರಲ್ಲೇ ನಾಲ್ಕು ಬೋಲ್ಟ್ ಹೂತು, ಪೆಟ್ಟಿಗೆಯ ಒಳಗಿನಿಂದ ನಟ್ ಬಿಗಿದೆವು. ಅದಕ್ಕೆ ಇನ್ನೂ 1,800 ಖರ್ಚಾಯಿತು.

ತೋಟಾಗಳಿಗೆ ಒಳಗೇ ಬೇರೆ ಸಣ್ಣ ಪೆಟ್ಟಿಗೆ, ಬೇರೆ ಬೀಗ. ಪೆಟ್ಟಿಗೆಯ ಒಳಮೈಗೆ ಸ್ಪಂಜು ಹಾಕಿಸಲಿಲ್ಲ. ನಮ್ಮ ಕಡೆ ಮಳೆಗಾಲದ ತೇವ ಅದರಲ್ಲಿ ನಿಂತರೆ ನಳಿಗೆ ತುಕ್ಕು ಹಿಡಿಯುತ್ತದೆ.

ಅಪ್ಪನಿಗೆ ಈ ಪೆಟ್ಟಿಗೆಯೇ ಸರಿ. ಅವಸರದಲ್ಲಿ ತೆಗೆಯುವ ಕೆಲಸ ನಮಗಿಲ್ಲ. ಕೀಲಿಕೈ ಅವರ ಉಡದಾರದಲ್ಲಿರುತ್ತದೆ, ಇನ್ನೊಂದು ಬ್ಯಾಂಕ್ ಲಾಕರಿನಲ್ಲಿದೆ. ಕೀಲಿಕೈ ಎಲ್ಲೆಂದರಲ್ಲಿ ಇಟ್ಟು ಮರೆಯುವವರಾದರೆ, ಬಜೆಟ್ಟೂ ಇದ್ದರೆ, ಮೋಟರ್ ಬೀಗದ್ದು ಕೇಳಿ ತೆಗೆದುಕೊಳ್ಳಿ.

ಎಲೆಕ್ಟ್ರಾನಿಕ್ ಪೆಟ್ಟಿಗೆ ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಬಂದೂಕು ತೆಗೆದು, ಖಾಲಿ ಪೆಟ್ಟಿಗೆಗೆ ಬೀಗ ಹಾಕಿ, ಹಿಡಿ ಹಿಡಿದು ಮೇಲೆ ಹತ್ತು ಸಲ ಗುದ್ದಿ ನೋಡಿ. ಒಂದು ಸಲ ತೆರೆದರೂ ಸಾಕು, ಮಕ್ಕಳು ಶಾಲೆಯಿಂದ ಬರುವ ಮೊದಲು ಬಂದೂಕಿಗೆ ಬೇರೆ ಜಾಗ ನೋಡಿ.