ರೆಕ್ಕೆ ಕತ್ತರಿಸುವ ಮೊದಲು ತೂಕ ಹಾಕಿ: 1200ರ ನಕ್ಷೆಯನ್ನು 900ಕ್ಕೆ ಇಳಿಸಿ ಕಳೆದುಕೊಂಡ ವಿಮಾನ

ಇಲ್ಲಿ ಹೇಳಹೊರಟಿರುವುದು ಪೂರ್ತಿಯಾಗಿ ನನ್ನದೇ ತಪ್ಪು. ಅಂಗಡಿಯವರು ಕೆಟ್ಟ ಸಾಮಾನು ಕೊಡಲಿಲ್ಲ, ರಿಮೋಟಿನ ಸಂಪರ್ಕ ಕಡಿಯಲಿಲ್ಲ, ಹದ್ದು ಬಂದು ಎರಗಲಿಲ್ಲ. ಚೆನ್ನಾಗಿ ಹಾರುತ್ತದೆಂದು ಹಲವರು ಕಟ್ಟಿ ನೋಡಿದ್ದ, ರಿಮೋಟಿನಿಂದ ಹಾರಿಸುವ ಒಂದು ಮಾದರಿ ವಿಮಾನದ ನಕ್ಷೆಯ ರೆಕ್ಕೆಯನ್ನು ನನ್ನ ಅನುಕೂಲಕ್ಕೆ ತಕ್ಕಂತೆ ಮೊಟಕು ಮಾಡಿ, ಎರಡು ತಿಂಗಳ ರಾತ್ರಿಗಳ ಕೆಲಸವನ್ನು ಮೂರು ನಿಮಿಷದಲ್ಲಿ ಕಳೆದುಕೊಂಡೆ. ಕಳೆದುಕೊಂಡದ್ದಕ್ಕಿಂತ ನನ್ನನ್ನು ಇಂದಿಗೂ ಕಾಡುವುದು ಅದು ಬಿದ್ದ ಜಾಗ: ನೋಡಲು ನಿಂತಿದ್ದ ಹುಡುಗರಿಂದ ಹದಿನೈದು ಹೆಜ್ಜೆಯೂ ಇರಲಿಲ್ಲ.

ಮೂಲ ನಕ್ಷೆಯಲ್ಲಿ ರೆಕ್ಕೆಯ ಹರವು ಒಂದು ತುದಿಯಿಂದ ಇನ್ನೊಂದು ತುದಿಗೆ 1200 ಮಿ.ಮೀ., ಅಗಲ ಬುಡದಿಂದ ತುದಿಯವರೆಗೂ ಒಂದೇ ಸಮ 200 ಮಿ.ಮೀ. ಹಲಗೆಯಂತೆ ಆಯತಾಕಾರದ, ನೋಡಲು ಏನೂ ಸೊಗಸಿಲ್ಲದ ರೆಕ್ಕೆ. ನನಗೆ ಎರಡು ತೊಂದರೆಗಳು ಕಂಡವು. ಬಾಲ್ಸಾ ಎಂಬ ಹಗುರ ಮರದ ಹಲಗೆ ಸಿಗುವುದು 36 ಇಂಚಿನ, ಅಂದರೆ 914 ಮಿ.ಮೀ. ಉದ್ದದಲ್ಲಿ, 1200 ಬೇಕಾದರೆ ಬೆಸುಗೆ ಹಾಕಬೇಕು. ಅಷ್ಟುದ್ದದ ಒಂದೇ ತುಂಡಿನ ರೆಕ್ಕೆಯನ್ನು ಸ್ಕೂಟರಿನಲ್ಲಿ ಕೊಂಡೊಯ್ಯುವುದೂ ಕಷ್ಟ. ಇದರ ಜೊತೆಗೆ, ಕೆಲವೇ ವಾರಗಳ ಹಿಂದೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಓರೆ ರೆಕ್ಕೆಯ ಮಾರುತ್ ಯುದ್ಧವಿಮಾನವನ್ನು ಸುತ್ತಿ ಸುತ್ತಿ ನೋಡಿ ಬಂದಿದ್ದ ಗುಂಗು ಇಳಿದಿರಲಿಲ್ಲ. ಹೀಗಾಗಿ ಹರವನ್ನು 900ಕ್ಕೆ ಇಳಿಸಿದೆ. ಬುಡದಲ್ಲಿ 200 ಮಿ.ಮೀ. ಅಗಲವನ್ನು ಹಾಗೇ ಉಳಿಸಿ, ತುದಿಯಲ್ಲಿ ಅದನ್ನು 80ಕ್ಕೆ ತಂದು, ಹಿಂದಂಚನ್ನು ನೇರವಾಗಿಟ್ಟು ಮುಂದಂಚನ್ನು ಹಿಂದಕ್ಕೆ ಓರೆ ಮಾಡಿದೆ. ಅಕ್ಕನ ಮಗ ಅದನ್ನು ನೋಡಿ, "ಮಾವ, ಈಗ ನಿಜವಾದ ವಿಮಾನದ ಹಾಗಿದೆ" ಎಂದಾಗ ನನ್ನ ನಿರ್ಧಾರಕ್ಕೆ ಮುದ್ರೆ ಬಿದ್ದಂತಾಯಿತು.

ಲೆಕ್ಕವನ್ನೇ ಹಾಕಲಿಲ್ಲವೆಂದಲ್ಲ, ತಪ್ಪು ಲೆಕ್ಕ ಹಾಕಿದೆ. ಹರವಿಗೂ ಸರಾಸರಿ ಅಗಲಕ್ಕೂ ಇರುವ ಅನುಪಾತ ಮೂಲದಲ್ಲಿ 6 ಇತ್ತು, ನನ್ನ ರೆಕ್ಕೆಯಲ್ಲಿ 6.4 ಬಂತು. ತರಬೇತಿ ಮಾದರಿಗಳಿಗೆ 5ರಿಂದ 7ರವರೆಗೆ ಸರಿ ಎಂದು ಎಲ್ಲರೂ ಹೇಳುವುದರಿಂದ ನಾನು ನಿಶ್ಚಿಂತನಾದೆ. ಆದರೆ ಅನುಪಾತ ರೆಕ್ಕೆಯ ಆಕಾರವನ್ನು ಹೇಳುತ್ತದೆಯೇ ಹೊರತು ಅದು ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ವಿಂಗ್ ಲೋಡಿಂಗ್, ಅಂದರೆ ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ, ಹತ್ತು ಸೆಂ.ಮೀ. ಉದ್ದ ಹತ್ತು ಸೆಂ.ಮೀ. ಅಗಲದ ಒಂದು ಚೌಕಕ್ಕೆ, ಬೀಳುವ ತೂಕ.

ಮೂಲ ರೆಕ್ಕೆಯ ವಿಸ್ತೀರ್ಣ 24 ಚದರ ಡೆಸಿಮೀಟರ್. ನನ್ನದು 12.6. ಹರವಿನಲ್ಲಿ ಕಾಲು ಭಾಗ ಮಾತ್ರ ಕಡಿಮೆ ಮಾಡಿದ್ದೇನೆಂದು ಭಾವಿಸಿದ್ದವನು, ತುದಿಯ ಅಗಲವನ್ನೂ ತಿಂದದ್ದರಿಂದ ಹೆಚ್ಚುಕಡಿಮೆ ಅರ್ಧ ರೆಕ್ಕೆಯನ್ನೇ ಎಸೆದಿದ್ದೆ. ತೂಕವಾದರೋ ಹಾಗೆ ಇಳಿಯಲಿಲ್ಲ. ಮೂರು ಸೆಲ್ಲಿನ 2200 ಎಂಎಎಚ್ ಲಿಪೋ ಬ್ಯಾಟರಿ ಸುಮಾರು 180 ಗ್ರಾಂ, ಮೋಟರು 50, ವೇಗ ನಿಯಂತ್ರಕ, ನಾಲ್ಕು ಸರ್ವೋ (ರೆಕ್ಕೆ, ಬಾಲಗಳ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟರು), ರಿಸೀವರು, ಪ್ರೊಪೆಲ್ಲರು, ವೈರುಗಳೆಲ್ಲ ಸೇರಿ ಮತ್ತೊಂದು ನೂರು ಗ್ರಾಂ. ಇವುಗಳಲ್ಲಿ ಯಾವುದೂ ರೆಕ್ಕೆ ಚಿಕ್ಕದಾಯಿತೆಂದು ತಾನೂ ಚಿಕ್ಕದಾಗುವುದಿಲ್ಲ. ಒಡಲು, ಬಾಲಗಳನ್ನು ನಾನು ಮುಟ್ಟಿರಲಿಲ್ಲ. 210 ಗ್ರಾಮಿನ ರೆಕ್ಕೆ 150 ಗ್ರಾಮಿಗೆ ಬಂದದ್ದಷ್ಟೇ ಉಳಿತಾಯ, ಇಡೀ ವಿಮಾನ 900ರಿಂದ 840ಕ್ಕೆ ಇಳಿಯಿತು. ಒಟ್ಟಿನಲ್ಲಿ ಪ್ರತಿ ಚದರ ಡೆಸಿಮೀಟರಿಗೆ 37.5 ಗ್ರಾಂ ಇದ್ದ ಹೊರೆ 67 ಗ್ರಾಮಿಗೆ ಏರಿತು. ಈ ಭಾಗಾಕಾರ ಮಾಡಲು ಅರ್ಧ ನಿಮಿಷ ಸಾಕು. ನಾನು ಮಾಡಿದ್ದು ವಿಮಾನ ಬಿದ್ದ ಮೇಲೆ, ಅಡುಗೆಮನೆಯ ತಕ್ಕಡಿಯಲ್ಲಿ ಚೂರುಗಳನ್ನಿಟ್ಟು.

ಈ ಹೊರೆ ಹೆಚ್ಚಾದರೆ ಆಗುವುದೇನೆಂದರೆ, ವಿಮಾನ ಬೀಳದೆ ಹಾರಬಲ್ಲ ಅತಿ ಕಡಿಮೆ ವೇಗ, ಅಂದರೆ ಸ್ಟಾಲ್ ವೇಗ, ಮೇಲೇರುತ್ತದೆ. ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವುದನ್ನು ಬಿಡುತ್ತದೆ, ಅದೇ ಸ್ಟಾಲ್. ನಾವು ಹಾರಿಸಲು ಹೋದದ್ದು ತುಮಕೂರಿನ ಕಡೆಯ ಒಂದು ಒಣಗಿದ ಕೆರೆಯಂಗಳಕ್ಕೆ. ಬೆಂಗಳೂರಿನೊಳಗೆ ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ಎಲ್ಲಿ ತಿರುಗಿದರೂ ವಿಮಾನನಿಲ್ದಾಣವೇ ಇರುವಾಗ ಊರಾಚೆ ಹೋಗದೆ ವಿಧಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಆ ಬಯಲಿನಲ್ಲಿ, ಬೆಚ್ಚಗಿನ ಬೆಳಗಿನಲ್ಲಿ, ಒಂದು ಘನ ಮೀಟರ್ ಗಾಳಿಯ ತೂಕ 1.07 ಕೆ.ಜಿ.ಯಷ್ಟಿರುತ್ತದೆ. ಪುಸ್ತಕಗಳ ಲೆಕ್ಕದಲ್ಲಿ ಬರುವ 1.225 ಸಮುದ್ರಮಟ್ಟದ್ದು, ಅದೂ 15 ಡಿಗ್ರಿ ಉಷ್ಣತೆಯದ್ದು. ಈ ತೆಳುಗಾಳಿಯಿಂದಾಗಿಯೇ ನಮ್ಮ ಬಯಲುಸೀಮೆಯಲ್ಲಿ ಸ್ಟಾಲ್ ವೇಗ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ರೆಕ್ಕೆಯ ಎತ್ತುವ ಸಾಮರ್ಥ್ಯವನ್ನು ಹೇಳುವ ಲಿಫ್ಟ್ ಗುಣಾಂಕವನ್ನು 1 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಮೂಲ ರೆಕ್ಕೆಗೆ ಗಂಟೆಗೆ 30 ಕಿ.ಮೀ., ನನ್ನ ರೆಕ್ಕೆಗೆ 40 ಕಿ.ಮೀ. ಬರುತ್ತದೆ. ಹತ್ತು ಕಿ.ಮೀ. ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಆದರೆ ಓಡಿಬಂದು ಕೈಯಿಂದ ಎಸೆಯುವ ವಿಮಾನ ಕೈಬಿಡುವಾಗ 30ನ್ನು ಮುಟ್ಟುವುದೇ ಹೆಚ್ಚು. ಮೂಲ ವಿಮಾನ ಕೈಬಿಟ್ಟ ಕ್ಷಣದಲ್ಲೇ ಹಾರುತ್ತಿರುತ್ತದೆ, ನನ್ನದು ಬೀಳುತ್ತಾ ವೇಗ ಕೂಡಿಸಿಕೊಳ್ಳಬೇಕಾಗಿತ್ತು.

ಆಗಿದ್ದೂ ಹಾಗೆಯೇ. ಅಕ್ಕನ ಮಗ ಎಸೆದ ವಿಮಾನ ಮೊಣಕಾಲೆತ್ತರಕ್ಕೆ ಇಳಿದು, ಒಣಹುಲ್ಲನ್ನು ಸವರಿಕೊಂಡೇ ಹೋಗಿ, ಮೋಟರಿನ ಜೋರಿಗೆ ಮೇಲೆದ್ದಿತು. ನಾವಿಬ್ಬರೂ ನಕ್ಕೆವು. ಅದು ಎಚ್ಚರಿಕೆ ಎಂದು ಆಗ ತಿಳಿದಿದ್ದರೆ ಎದುರಿನ ಖಾಲಿ ಬಯಲಿನಲ್ಲಿ ನೇರವಾಗಿ, ಮೋಟರು ನಿಲ್ಲಿಸದೆ, ಹೊಟ್ಟೆಯ ಮೇಲೆ ಇಳಿಸುತ್ತಿದ್ದೆ. ಅದರ ಬದಲು ಮೂರು ಸುತ್ತು ಹಾರಿಸಿದೆ. ಮೇಲೆ, ಪೂರ್ತಿ ವೇಗದಲ್ಲಿ, ಅದು ಬಾಣದಂತೆ ಹೋಗುತ್ತಿತ್ತು, ತಪ್ಪಿಲ್ಲ. ಆದರೆ ಥ್ರಾಟಲ್, ಅಂದರೆ ಮೋಟರಿನ ಜೋರು, ಸ್ವಲ್ಪ ಇಳಿಸಿದರೆ ಸಾಕು, ಮೂಗು ಬಗ್ಗುತ್ತಿತ್ತು. ಮಟ್ಟವಾಗಿಡಲು ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿಯಾದ ಎಲಿವೇಟರನ್ನು ಸದಾ ಎಳೆದು ಹಿಡಿಯಬೇಕಾಗಿತ್ತು.

ಇದಕ್ಕೂ ಕಾರಣ ರೆಕ್ಕೆಯ ಅಳತೆಯೇ, ಮತ್ತು ಈ ಅಂಶವನ್ನು ಹೊಸಬರು ಅತಿ ಸುಲಭವಾಗಿ ಮರೆಯುತ್ತಾರೆ. ಗುರುತ್ವ ಕೇಂದ್ರ, ಅಂದರೆ ವಿಮಾನ ಸಮತೂಗಿ ನಿಲ್ಲುವ ಬಿಂದು, ರೆಕ್ಕೆಯ ಮುಂದಂಚಿನಿಂದ 60 ಮಿ.ಮೀ. ಹಿಂದಿರಬೇಕೆಂದು ನಕ್ಷೆಯಲ್ಲಿ ಗುರುತು ಹಾಕಿತ್ತು, ಅಂದರೆ 200 ಮಿ.ಮೀ. ಅಗಲದ 30 ಪ್ರತಿಶತ. ನಾನೂ ಬುಡದ ಮುಂದಂಚಿನಿಂದ 60 ಮಿ.ಮೀ. ಅಳೆದು, ಎರಡು ಬೆರಳ ಮೇಲೆ ವಿಮಾನವನ್ನು ತೂಗಿ, ಸರಿಯಾಗಿದೆ ಎಂದುಕೊಂಡೆ. ಆದರೆ ಓರೆಯಾದ ರೆಕ್ಕೆಯಲ್ಲಿ ಈ ಪ್ರತಿಶತವನ್ನು ಬುಡದ ಅಗಲದ ಮೇಲೆ ಲೆಕ್ಕ ಹಾಕುವಂತಿಲ್ಲ. ಇಡೀ ರೆಕ್ಕೆಯ ಪ್ರತಿನಿಧಿಯಾದ ಒಂದು ಸರಾಸರಿ ಅಗಲವನ್ನು, ಮೀನ್ ಏರೋಡೈನಮಿಕ್ ಕಾರ್ಡ್ ಎನ್ನುವುದನ್ನು, ಕಂಡುಹಿಡಿದು ಅದರ ಮೇಲೆ ಹಾಕಬೇಕು. ನನ್ನ ರೆಕ್ಕೆಯಲ್ಲಿ ಅದರ ಉದ್ದ 149 ಮಿ.ಮೀ., ಮತ್ತು ಅದು ಆರಂಭವಾಗುವುದು ಬುಡದ ಮುಂದಂಚಿನಿಂದ 51 ಮಿ.ಮೀ. ಹಿಂದೆ. ಅದರ 30 ಪ್ರತಿಶತ ಎಂದರೆ ಬುಡದ ಮುಂದಂಚಿನಿಂದ 96 ಮಿ.ಮೀ. ನಾನು 60ರಲ್ಲಿ ತೂಗಿದ್ದರಿಂದ ಗುರುತ್ವ ಕೇಂದ್ರ ಸುಮಾರು 6 ಪ್ರತಿಶತದಲ್ಲಿ ಕುಳಿತು, ವಿಮಾನ ವಿಪರೀತ ಮೂಗುಭಾರವಾಯಿತು. ಮೂಗು ಎತ್ತಲು ಬಾಲವು ಕೆಳಕ್ಕೆ ಒತ್ತಬೇಕು, ಆ ಒತ್ತಡವನ್ನೂ ಹೊರಬೇಕಾದದ್ದು ಆ ಬಡ ರೆಕ್ಕೆಯೇ.

ಇಳಿಸಲು ಕೊನೆಯ ತಿರುವು ತೆಗೆದುಕೊಂಡೆ. ಥ್ರಾಟಲ್ ಇಳಿದಿತ್ತು, ವಿಮಾನ ಎಡಕ್ಕೆ 45 ಡಿಗ್ರಿ ವಾಲಿತ್ತು, ಮೂಗು ಬಗ್ಗುತ್ತಿದ್ದುದರಿಂದ ಎಲಿವೇಟರ್ ಕಡ್ಡಿಯನ್ನು ಎಳೆದೆ. ಆ ವಾಲಿಕೆಯಲ್ಲಿ ಮಟ್ಟವಾಗಿ ತಿರುಗುವ ವಿಮಾನದ ಸ್ಟಾಲ್ ವೇಗ ನೂರಕ್ಕೆ ಹತ್ತೊಂಬತ್ತರಷ್ಟು ಏರುತ್ತದೆ, ಅಂದರೆ ನನ್ನ 40 ಆಗ 47ನ್ನು ದಾಟಿತ್ತು. ಒಳಗಿನ ಎಡ ರೆಕ್ಕೆ ಥಟ್ಟನೆ ಕುಸಿಯಿತು. ಅಭ್ಯಾಸಬಲದಿಂದ ಬಲ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆತುದಿಯ ಪಟ್ಟಿ) ಕೊಟ್ಟೆ. ಎಡ ರೆಕ್ಕೆಯ ಐಲೆರಾನ್ ಕೆಳಗಿಳಿಯಿತು. ಆಗಲೇ ಸ್ಟಾಲ್ ಆಗಿದ್ದ ತುದಿಯಲ್ಲಿ ಅದು ರೆಕ್ಕೆಯನ್ನು ಎತ್ತುವ ಬದಲು ಸ್ಟಾಲನ್ನು ಇನ್ನಷ್ಟು ಆಳವಾಗಿಸಿತು. ವಿಮಾನ ಮಗುಚಿ, ಒಂದು ಸುತ್ತು ತಿರುಗಿ, ತೆಂಗಿನಮರದ ಎತ್ತರದಿಂದ ನೇರವಾಗಿ ನೆಲಕ್ಕೆ ಬಂತು. ಕುರಿ ಮೇಯಿಸುತ್ತಿದ್ದ ಇಬ್ಬರು ಹುಡುಗರು ಅದನ್ನು ನೋಡಲೆಂದೇ ದಂಡೆಯಿಂದ ಇಳಿದು ಬಂದಿದ್ದರು. ಅದು ಬಿದ್ದದ್ದು ಅವರ ಮುಂದೆಯೇ. ಬ್ಯಾಟರಿ ಜಜ್ಜಿಹೋಗಿ ಊದಿಕೊಳ್ಳುತ್ತಿದ್ದುದರಿಂದ ಅವರನ್ನು ದೂರ ಕಳುಹಿಸಿ, ಮರಳಿನ ಗುಂಡಿ ತೋಡಿ ಅದರಲ್ಲಿ ಹಾಕಿ ಕಾದೆವು. ಅರ್ಧ ಗಂಟೆ ಸಣ್ಣಗೆ ಹೊಗೆಯಾಡಿತು.

ಹರವು 900 ಇದ್ದರೂ ಅಗಲ ಒಂದೇ ಸಮ ಇದ್ದಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲ. ಆಯತಾಕಾರದ ರೆಕ್ಕೆಯಲ್ಲಿ ಸ್ಟಾಲ್ ಬುಡದಿಂದ ಶುರುವಾಗುತ್ತದೆ: ವಿಮಾನ ನಡುಗಿ, ಮೂಗು ಬಗ್ಗಿಸಿ ಮುನ್ಸೂಚನೆ ಕೊಡುತ್ತದೆ, ತುದಿಯ ಐಲೆರಾನ್‌ಗಳು ಆಗಲೂ ಕೆಲಸ ಮಾಡುತ್ತಿರುತ್ತವೆ. ತುದಿ ಕಿರಿದಾದ ರೆಕ್ಕೆಯಲ್ಲಿ ಸ್ಟಾಲ್ ತುದಿಯ ಕಡೆಯಿಂದ ಬರುತ್ತದೆ. ಸಣ್ಣ ವಿಮಾನದಲ್ಲಿ ಇದು ಇನ್ನೂ ಕೆಟ್ಟದು, ಏಕೆಂದರೆ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವ ಗುಣ ವೇಗವನ್ನೂ ಅಗಲವನ್ನೂ ಅವಲಂಬಿಸಿದೆ. ಇದನ್ನು ಅಳೆಯುವ ರೆನಾಲ್ಡ್ಸ್ ಸಂಖ್ಯೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ನನ್ನ ರೆಕ್ಕೆಯ ಬುಡದಲ್ಲಿ ಸುಮಾರು 1.25 ಲಕ್ಷ ಇದ್ದರೆ 80 ಮಿ.ಮೀ. ತುದಿಯಲ್ಲಿ ಬರೀ 50 ಸಾವಿರ. ಆ ಮಟ್ಟದಲ್ಲಿ ಸಾಮಾನ್ಯ ದಪ್ಪದ ರೆಕ್ಕೆಯಿಂದ ಗಾಳಿ ಬೇಗನೆ ಕಳಚಿಕೊಳ್ಳುತ್ತದೆ. ಸೊಗಸಿಗಾಗಿ ತುದಿಯನ್ನು ಕಿರಿದು ಮಾಡಲೇಬೇಕೆಂದಿದ್ದರೆ ಬುಡದ ಅಗಲದ 60-70 ಪ್ರತಿಶತಕ್ಕಿಂತ ಕೆಳಗಿಳಿಯಬೇಡಿ, ತುದಿಯ ಹಿಂದಂಚನ್ನು ಎರಡು ಮೂರು ಡಿಗ್ರಿ ಮೇಲಕ್ಕೆ ತಿರುಚಿ ಅಂಟಿಸಿ. ಮೊದಲ ವಿಮಾನಕ್ಕಂತೂ ಹಲಗೆಯಂತಹ ರೆಕ್ಕೆಯೇ ಇರಲಿ.

ಅಳತೆಯನ್ನು ನಿರ್ಧರಿಸುವ ದಾರಿ ನಾನು ಹಿಡಿದದ್ದಕ್ಕೆ ತಿರುವುಮುರುವು. ಮೊದಲು ಮೋಟರಿನಿಂದ ಸ್ಕ್ರೂವಿನವರೆಗೆ ಕೊಂಡ ಸಾಮಾನನ್ನೆಲ್ಲ ತಕ್ಕಡಿಗೆ ಹಾಕಿ, ಒಡಲು ರೆಕ್ಕೆಗಳ ಅಂದಾಜು ತೂಕವನ್ನು ಸೇರಿಸಿ, ಅಂಟು ಟೇಪುಗಳಿಗೆಂದು ಇನ್ನೊಂದಿಷ್ಟು ಕೂಡಿಸಿ. ಒಟ್ಟು 900 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಆಸುಪಾಸಿನ, ಕೈಯಿಂದ ಎಸೆಯುವ ಕಲಿಕೆಯ ವಿಮಾನಕ್ಕೆ ಹೊರೆ 40 ಗ್ರಾಂ ಮೀರದಿರಲಿ ಎಂದುಕೊಂಡರೆ ಬೇಕಾದ ವಿಸ್ತೀರ್ಣ 22.5 ಚದರ ಡೆಸಿಮೀಟರ್. ಅನುಪಾತ 6 ಎಂದರೆ 22.5ನ್ನು 6ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ: ಹರವು 1160 ಮಿ.ಮೀ., ಅಗಲ 194. ನಾನು ಮೂಲೆಗೆಸೆದ ನಕ್ಷೆಯ 1200, 200ಕ್ಕೆ ಇದು ಎಷ್ಟು ಹತ್ತಿರವೆಂದು ನೋಡಿ. ಅದನ್ನು ಬರೆದವನು ಸ್ಕೂಟರಿನ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೇ.

ಬೇರೆ ಗಾತ್ರದ ವಿಮಾನದ ಹೊರೆಯನ್ನು ತಂದು ನಿಮ್ಮದಕ್ಕೆ ಹೋಲಿಸಿ ಸಮಾಧಾನ ಪಡಬೇಡಿ. ಜನ ಕೂತು ಹಾರುವ ಸಣ್ಣ ವಿಮಾನ ಸೆಸ್ನಾ 172ರ ಹರವು 11 ಮೀಟರ್, ರೆಕ್ಕೆಯ ವಿಸ್ತೀರ್ಣ 16.2 ಚದರ ಮೀಟರ್, ತೂಕ 1100 ಕೆ.ಜಿ. ಆಸುಪಾಸು, ನಮ್ಮ ಮಾನದಲ್ಲಿ ಅದರ ಹೊರೆ 680 ಗ್ರಾಂ. ಅದನ್ನು ಹತ್ತರಲ್ಲೊಂದು ಗಾತ್ರಕ್ಕೆ ಕುಗ್ಗಿಸಿದರೆ ವಿಸ್ತೀರ್ಣ ನೂರರಲ್ಲೊಂದಾಗುತ್ತದೆ, ತೂಕ ಸಾವಿರದಲ್ಲೊಂದಾಗಬೇಕು, ಹೊರೆ 68 ಆಗುತ್ತದೆ. ಹೆಚ್ಚುಕಡಿಮೆ ನನ್ನದೇ ಅಂಕಿ! ಆದರೆ ಆ ಸೆಸ್ನಾಗೆ ಓಡಲು ರನ್‌ವೇ ಇದೆ, ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದಂಚಿನಲ್ಲಿ ಬಗ್ಗುವ ಫ್ಲಾಪ್ ಇದೆ, ಒಳಗೆ ಕಲಿತ ಪೈಲಟ್ ಇದ್ದಾನೆ.

ಸುಟ್ಟ ಕೈಯವನು ಇನ್ನೊಂದು ಅತಿಗೆ ಹೋಗುವುದೂ ಉಂಟು, ನಾನೂ ಹೋದೆ. ಎರಡನೆಯ ಬಾರಿಗೆ 1500 ಮಿ.ಮೀ. ಹರವಿನ ರೆಕ್ಕೆ ಮಾಡಿ ಹೊರೆಯನ್ನು 32 ಗ್ರಾಮಿಗೆ ಇಳಿಸಿದೆ, ರೆಕ್ಕೆಗೆ ಬೆನ್ನೆಲುಬಾಗಿ ಒಳಗಿರುವ ಕಾರ್ಬನ್ ಕೊಳವೆಯನ್ನು ಮಾತ್ರ ಹಳೆಯ 6 ಮಿ.ಮೀ.ಯದ್ದೇ ಬಳಸಿದೆ. ಹರವು ಹೆಚ್ಚಿದರೆ ಬುಡದ ಮೇಲಿನ ಬಗ್ಗಿಸುವ ಬಲವೂ ಹೆಚ್ಚುತ್ತದೆ. 1200ರ ರೆಕ್ಕೆಗೆ ಹೋಲಿಸಿದರೆ ಮೂರರಲ್ಲೊಂದು ಪಾಲು ಹೆಚ್ಚಾಗಿತ್ತು. ಧುಮುಕಿಸಿ ಮೇಲೆತ್ತುವಾಗ ತುದಿಗಳೆರಡೂ ಬಿಲ್ಲಿನಂತೆ ಎದ್ದವು, 'ಟಕ್' ಎಂಬ ಶಬ್ದ ಕೆಳಗೆ ನಿಂತಿದ್ದ ನಮಗೂ ಕೇಳಿಸಿತು. ನಿಧಾನವಾಗಿ ಇಳಿಸಿ ಬಿಚ್ಚಿ ನೋಡಿದರೆ ಕೊಳವೆ ಬುಡದಲ್ಲಿ ಸೀಳಿತ್ತು. ಆಷಾಢದ ಗಾಳಿ ಶುರುವಾದ ಮೇಲಂತೂ ಆ ಹಗುರ ರೆಕ್ಕೆ ಗಾಳಿಪಟವಾಯಿತು. ಎದುರುಗಾಳಿಗೆ ಮುಖ ಮಾಡಿದರೆ ನಿಂತಲ್ಲೇ ನಿಲ್ಲುತ್ತಿತ್ತು, ಬೆನ್ನು ಮಾಡಿದರೆ ಕೆರೆ ಏರಿಯಾಚೆ ಹೋಗಿಬಿಡುತ್ತಿತ್ತು.

ಈಗ ನಕ್ಷೆಯ ಅಳತೆಯಲ್ಲೇ, 600 ಮಿ.ಮೀ. ಉದ್ದದ ಎರಡು ಭಾಗಗಳಾಗಿ ರೆಕ್ಕೆ ಮಾಡಿದ್ದೇನೆ. ಅಂಗಡಿಯ ಬಾಲ್ಸಾ ಹಲಗೆಯಲ್ಲಿ ಬೆಸುಗೆಯಿಲ್ಲದೆ ಒಂದೊಂದು ಭಾಗ ಆಗುತ್ತದೆ, ನಡುವೆ 8 ಮಿ.ಮೀ. ಕೊಳವೆ ತೂರಿಸಿ ಜೋಡಿಸಿದರಾಯಿತು, ಸ್ಕೂಟರಿನ ಕಾಲಿಡುವ ಜಾಗದಲ್ಲಿ ನೆಟ್ಟಗೆ ನಿಲ್ಲುತ್ತದೆ. ಜೋಡಣೆಯ ಸಾಮಾನಿನಿಂದ 35 ಗ್ರಾಂ ಹೆಚ್ಚಾಗಿ ಒಟ್ಟು 935ಕ್ಕೆ ಬಂತು, ಹೊರೆ 39. ಶ್ರಾವಣದವರೆಗೆ ಅದು ಗೋಡೆಯ ಮೊಳೆಗೆ ತೂಗುತ್ತಿರುತ್ತದೆ.