ಆಲ್ ವೀಲ್ ಡ್ರೈವ್, ಫೋರ್ ವೀಲ್ ಡ್ರೈವ್: ಎರಡನ್ನೂ ಬಹುಕಾಲ ಓಡಿಸಿದ ಮೇಲೆ

ಶೋರೂಮಿನಲ್ಲಿ ಎರಡನ್ನೂ ‘ನಾಲ್ಕೂ ಚಕ್ರಕ್ಕೆ ಪವರ್ ಸಾರ್’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಓಡಿಸುವವನಿಗೆ ಇವು ಬೇರೆಯೇ ವಾಹನಗಳು.

ನನ್ನ ಹಳೆಯ ಎಸ್‌ಯುವಿಯದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಲಿವರ್‌ನಲ್ಲಿ ಮೂರು ಸ್ಥಾನ: 2ಎಚ್ ಎಂದರೆ ಎರಡೇ ಚಕ್ರಕ್ಕೆ ಶಕ್ತಿ, 4ಎಚ್ ಎಂದರೆ ನಾಲ್ಕಕ್ಕೂ, 4ಎಲ್ ಎಂದರೆ ನಾಲ್ಕಕ್ಕೂ ನಿಧಾನದ ‘ಲೋ ರೇಂಜ್’ ಗೇರಿನಲ್ಲಿ. ಒಣ ಡಾಂಬರಿನ ಮೇಲೆ 4ಎಚ್ ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಕಿರುಗುಟ್ಟಿ ಗಾಡಿ ಮುಗ್ಗರಿಸುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಆದರೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರುಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ, ಒಣ ರಸ್ತೆಯಲ್ಲಿ ಬಿಗಿತವೆಲ್ಲ ಗೇರುಗಳ ಮೇಲೆ. ಆಗ ಲಿವರ್ ಕೂಡ 2ಎಚ್‌ಗೆ ಮರಳದೆ ಮೊಂಡು ಹಿಡಿಯುತ್ತದೆ. ತುಸು ಹಿಂದಕ್ಕೆ ಓಡಿಸಿದರೆ ಸಡಿಲವಾಗುತ್ತದೆ.

ಇಷ್ಟೆಲ್ಲ ರಗಳೆ ಸಹಿಸಿಕೊಳ್ಳುವುದು 4ಎಲ್‌ಗಾಗಿ. ಸುಜುಕಿ ಜಿಮ್ನಿಯಲ್ಲಿ ಈ ಲೋ ರೇಂಜ್ ಅನುಪಾತ ಸುಮಾರು 2; ಅಂದರೆ ಚಕ್ರದ ವೇಗ ಅರ್ಧವಾಗಿ, ಎಳೆಯುವ ಬಲ ದುಪ್ಪಟ್ಟಾಗುತ್ತದೆ. ಕಲ್ಲುಬಂಡೆಯ ಇಳಿಜಾರಿನಲ್ಲಿ ಮೊದಲ ಗೇರಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೂ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಆ ನೆಮ್ಮದಿಗೆ ಸಾಟಿಯಿಲ್ಲ.

ನನ್ನ ಈಗಿನ ಆಲ್ ವೀಲ್ ಡ್ರೈವ್ ಕಾರಿನಲ್ಲಿ ಆ ಲಿವರೂ ಇಲ್ಲ, ಲೋ ರೇಂಜೂ ಇಲ್ಲ. ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಅವು ಜಾರುವ ಸೂಚನೆ ಸಿಕ್ಕರೆ ಕಂಪ್ಯೂಟರ್, ಹಿಂದಿನ ಚಕ್ರಗಳನ್ನು ಜೋಡಿಸುವ ಕ್ಲಚ್ಚನ್ನು (ಕಾಲಿನ ಪೆಡಲಿನದಲ್ಲ) ಬಿಗಿಮಾಡಿ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಮಳೆಯಲ್ಲಿ ನೆನೆದ ಹೆದ್ದಾರಿಯ ತಿರುವಿನಲ್ಲಿ ಹಳೆಯ ಗಾಡಿಗಿಂತ ಇದೇ ಎಷ್ಟೋ ಮೇಲು, ನಾನು ಏನನ್ನೂ ಒತ್ತಬೇಕಿಲ್ಲ. ಆಳವಾದ ಮರಳಿನಲ್ಲಿ ಮಾತ್ರ ಇದರ ಬಣ್ಣ ಬಯಲಾಗುತ್ತದೆ: ಒದ್ದಾಟ ಹೆಚ್ಚಾದರೆ ಕ್ಲಚ್ ಕಾದು, ಎಚ್ಚರಿಕೆಯ ದೀಪ ಹೊತ್ತಿ, ಹಿಂದಿನ ಚಕ್ರಗಳು ಕೈಕೊಡುತ್ತವೆ.

ಟೈರಿನ ವಿಷಯದಲ್ಲಂತೂ ಇದು ಮಹಾ ನಾಜೂಕು. ಒಂದು ಟೈರು ಹರಿದಾಗ ಅದೊಂದನ್ನೇ ಬದಲಿಸಿದರೆ ಸಾಕೆಂದು ಅಂಗಡಿಯವರು ಪಟ್ಟು ಹಿಡಿದರು. ಸವೆದ ಟೈರುಗಳ ನಡುವೆ ಹೊಸದರ ಸುತ್ತಳತೆ ದೊಡ್ಡದು. ನೇರ ರಸ್ತೆಯಲ್ಲೂ ಚಕ್ರಗಳ ವೇಗ ಬೇರೆಯಾಗಿ ಕ್ಲಚ್ಚಿಗೆ ಬಿಡುವಿರುವುದಿಲ್ಲ. ಕೈಪಿಡಿ ತೋರಿಸಿ ನಾಲ್ಕನ್ನೂ ಹಾಕಿಸಿದೆ. ಜೇಬಿಗೆ ಭಾರವೇ.

ಇನ್ನು ಬ್ರೇಕ್: ಎರಡೂ ವ್ಯವಸ್ಥೆಗಳು ಗಾಡಿಯನ್ನು ಬೇಗ ನಿಲ್ಲಿಸುವುದಿಲ್ಲ, ಆ ಕೆಲಸ ಟೈರಿನದು. ನಿತ್ಯದ ಓಡಾಟಕ್ಕೆ ನಾನು ಆಲ್ ವೀಲ್ ಡ್ರೈವ್ ಕೀಲಿಯನ್ನೇ ಎತ್ತಿಕೊಳ್ಳುತ್ತೇನೆ. ಹಳೆಯದನ್ನು ಮಾರುವ ಯೋಚನೆಯಿಲ್ಲ.