ಹಾಸನದಲ್ಲಿ ಮೂವರು ವಕೀಲರು, ನಮ್ಮ ಮನೆಯ ಎರಡು ಕೇಸು

2024ರ ಆಗಸ್ಟ್‌ನಲ್ಲಿ ತಂಗಿಯ ಬಟ್ಟೆ, ಮಗುವಿನ ಪುಸ್ತಕ ತರಲು ಸಕಲೇಶಪುರದ ಕಡೆ ಇರುವ ಅವಳ ಗಂಡನ ಮನೆಗೆ ಹೋಗಿದ್ದೆ. ಮಾತಿಗೆ ಮಾತು ಬೆಳೆಯಿತು, ತಳ್ಳಾಟವಾಯಿತು. ಮರುದಿನ ನನ್ನ ಮೇಲೆ ಎಫ್‌ಐಆರ್. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 333ನೇ ಸೆಕ್ಷನ್ ಕೂಡ ಇತ್ತು. ಹೊಡೆಯುವ ತಯಾರಿ ಮಾಡಿಕೊಂಡೇ ಮನೆಗೆ ನುಗ್ಗಿದ ಆರೋಪ ಅದು. ಹಳೆಯ ಐಪಿಸಿಯಲ್ಲಿ 452 ಇತ್ತಲ್ಲ, ಅದೇ. ನಾನ್ ಬೇಲಬಲ್, ಅಂದರೆ ಜಾಮೀನು ಹಕ್ಕಾಗಿ ಸಿಗದ ಕೇಸು. ಇತ್ತ ತಂಗಿ ಮತ್ತು ಮಗುವಿಗೆ ಜೀವನಾಂಶದ ಕೇಸು ಹಾಕಬೇಕಿತ್ತು. ಹೀಗೆ ಒಂದೇ ಜಗಳದಿಂದ ಎರಡು ಕೇಸು ಹುಟ್ಟಿದವು. ಅವುಗಳಿಗಾಗಿ ಒಂದೂವರೆ ವರ್ಷದಲ್ಲಿ ಮೂವರು ವಕೀಲರ ಹತ್ತಿರ ಹೋದೆವು. ಯಾರ ಹೆಸರನ್ನೂ ಹೇಳುವುದಿಲ್ಲ.

ಮೊದಲನೆಯವರು ಹಾಸನದಲ್ಲಿ ಕ್ರಿಮಿನಲ್ ಕೇಸಿಗೆ ಹೆಸರಾದ ಸೀನಿಯರ್. ಆಲೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಅವರ ಆಫೀಸಿಗೆ ಹೋದಾಗ ನನ್ನ ಕೈ ನಡುಗುತ್ತಿತ್ತು. ಎಫ್‌ಐಆರ್ ಓದಿ ಅವರು ಹೇಳಿದ್ದು ಇಷ್ಟು: 'ಏಳು ವರ್ಷದವರೆಗಿನ ಶಿಕ್ಷೆಯ ಕೇಸಲ್ಲಿ ಸುಮ್ನೆ ಅರೆಸ್ಟ್ ಮಾಡೋ ಹಾಗಿಲ್ಲ ಕಣಪ್ಪ, ಮೊದಲು ನೋಟಿಸ್ ಕೊಡಬೇಕು. ಆದರೂ ನಿರೀಕ್ಷಣಾ ಜಾಮೀನು ತಗೊಳ್ಳೋಣ.' 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತ್ತು ಎಂದು ಆಮೇಲೆ ತಿಳಿಯಿತು. ಸೆಷನ್ಸ್ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಜಾಮೀನುದಾರರ ಪಹಣಿ, ಆಧಾರ್ ಯಾವಾಗ ತರಬೇಕು ಎನ್ನುವುದನ್ನೂ ಅವರ ಗುಮಾಸ್ತರು ಬರೆದುಕೊಟ್ಟಿದ್ದರು. ಎರಡು ವಾರದೊಳಗೆ ಜಾಮೀನು ಸಿಕ್ಕಿತು. ಫೀಸು 40,000 ರೂಪಾಯಿ. ಅದಕ್ಕೆ ನನಗೆ ಬೇಸರವಿಲ್ಲ. ಆ ಎರಡು ವಾರ ಅಮ್ಮ ಅನ್ನ ಬಿಟ್ಟಿದ್ದರು, ಅದನ್ನು ನೋಡಿದವನಿಗೆ ಆ ದುಡ್ಡು ಜಾಸ್ತಿ ಅನ್ನಿಸುವುದಿಲ್ಲ.

ಆದರೆ ತಂಗಿಯ ವಿಷಯಕ್ಕೆ ಬಂದಾಗ ಅವರೇ ಬೇರೆ ಮನುಷ್ಯರಾದರು. ಅವಳು ಏನೋ ಹೇಳಲು ಹೊರಟರೆ, 'ಅದೆಲ್ಲ ಬೇಡಮ್ಮ, ಎಲ್ಲಿ ಹೇಳ್ತಾರೋ ಅಲ್ಲಿ ಸೈನ್ ಮಾಡು' ಎಂದರು. ಅವಳು ಹೊರಗೆ ಬಂದು ಅತ್ತಳು. ಜಾಮೀನು ಆದ ಮೇಲೆ ಸಕಲೇಶಪುರದ ಕೋರ್ಟಿನ ವಾಯಿದೆಗಳಿಗೆ ಅವರು ಬರಲಿಲ್ಲ. ಪ್ರತಿ ಸಲ ಬೇರೆ ಜೂನಿಯರ್, ಪ್ರತಿ ಸಲ ನಾನೇ ಕಥೆ ಮೊದಲಿಂದ ಹೇಳಬೇಕು.

ಎರಡನೆಯವರು ಸಿಕ್ಕಿದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಇದು ನಮ್ಮ ಕಡೆ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬಂದವರು ಮೃದು ಮಾತಿನ ಮನುಷ್ಯ. ತಂಗಿಯ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಒಂದು ರೂಪಾಯಿ ಕೇಳಲಿಲ್ಲ. ಆದರೆ ಕೈತುಂಬ ಕೇಸು. ನೋಟಿಸ್ ಮುಟ್ಟಿದ 60 ದಿನದಲ್ಲಿ ಮಧ್ಯಂತರ ಜೀವನಾಂಶದ ಅರ್ಜಿ ಆದಷ್ಟು ಮಟ್ಟಿಗೆ ತೀರ್ಮಾನವಾಗಬೇಕು ಎಂದು ಕಾನೂನು ಹೇಳುತ್ತದೆ. ನಮಗೆ ಆರು ತಿಂಗಳಾದರೂ ಆಗಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ನನ್ನ ಜಾಮೀನು ಅರ್ಜಿಯಲ್ಲಿ, ತಂಗಿಯ ಬಟ್ಟೆ ತರಲು ಆಗಸ್ಟ್‌ನಲ್ಲಿ ಹೋಗಿದ್ದೆ ಎಂದಿತ್ತು. ಜೀವನಾಂಶದ ಅರ್ಜಿಯಲ್ಲಿ, ಅವಳು ಜೂನ್‌ನಲ್ಲೇ ಎಲ್ಲ ಸಾಮಾನು ತಗೊಂಡು ತವರಿಗೆ ಬಂದಳು ಎಂದು ಈ ಎರಡನೆಯವರು ಬರೆದುಬಿಟ್ಟಿದ್ದರು. ನಾವೂ ಓದದೆ ಸೈನ್ ಮಾಡಿದ್ದೆವು. ಆ ಕಡೆಯ ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟು, 'ಎಲ್ಲ ತಂದಿದ್ದರೆ ಆಗಸ್ಟ್‌ನಲ್ಲಿ ಯಾಕೆ ಹೋದರು, ಹೊಡೆಯೋದಕ್ಕಾ?' ಎಂದರು. ಆ ದಿನ ನನಗೆ ನಿಂತ ನೆಲ ಜಾರಿದ ಹಾಗಾಯಿತು. ಯಾರೂ ಬೇಕೆಂದೇ ಸುಳ್ಳು ಬರೆದಿರಲಿಲ್ಲ. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ನೋಡಿರಲಿಲ್ಲ, ಅಷ್ಟೇ.

ಹಾಗಾಗಿ ಮೂರನೆಯ ಸಲ ಫ್ಯಾಮಿಲಿ ಮತ್ತು ಕ್ರಿಮಿನಲ್ ಎರಡೂ ಮಾಡುವ ಒಬ್ಬರನ್ನೇ ಹುಡುಕಿದೆವು. ಹನ್ನೆರಡು ವರ್ಷ ಅನುಭವವಿದ್ದ ಮೇಡಂ ಒಬ್ಬರು ಸಿಕ್ಕಿದರು. ಎರಡಕ್ಕೂ ಸೇರಿ 35,000, ಮೂರು ಕಂತು. ಹಳೆಯ ಫೈಲು, ಬೇರೆ ವಕೀಲರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ ಎನ್ನುವ ಎನ್‌ಒಸಿ ಪತ್ರ ತರಲು ಸೀನಿಯರ್ ಆಫೀಸಿಗೆ ನಾಲ್ಕು ಸಲ ಅಲೆದೆ. ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಫೈಲನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ, 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಇದು ಗೊತ್ತಿದ್ದಿದ್ದರೆ ಎರಡನೇ ಸಲವೇ ಗಟ್ಟಿಯಾಗಿ ಕೇಳುತ್ತಿದ್ದೆ.

ಮೇಡಂ ಮೊದಲ ದಿನ ಮಾಡಿದ ಕೆಲಸ ಎರಡೂ ಕೇಸಿನ ಪೇಪರನ್ನು ಮೇಜಿನ ಮೇಲೆ ಹರಡಿ ತಾರೀಖು ಹೊಂದಿಸಿದ್ದು. ಜೂನ್‌ನಲ್ಲಿ ತಂಗಿ ತಂದಿದ್ದು ಒಂದು ಬ್ಯಾಗು ಮಾತ್ರ ಎಂದು ತಿದ್ದುಪಡಿ ಅರ್ಜಿ ಹಾಕಿದರು. ಆಮೇಲೆ ಆಸ್ತಿ, ಆದಾಯದ ಅಫಿಡವಿಟ್. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಇದನ್ನು ಕೊಡಬೇಕು. ಭಾವ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವವರು), ಸಂಬಳವಷ್ಟೇ ಆದಾಯ ಎಂದು ತೋರಿಸಿದ್ದರು. ಅವರ ಹೆಸರಿನ ಪಹಣಿ ತೆಗೆಸಿ, ಕಾಳುಮೆಣಸಿನ ದುಡ್ಡು ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿಸಿದ್ದು ಮೇಡಂ.

ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರ ಮೂಲಕ ವಾದಿಸುವುದು ಹಕ್ಕಲ್ಲ, ಕೋರ್ಟಿನ ಒಪ್ಪಿಗೆ ಬೇಕು. ನಮ್ಮ ಕೇಸಿನಲ್ಲೂ ಜಡ್ಜ್ ತಂಗಿಯನ್ನೇ ನೇರವಾಗಿ ಮಾತಾಡಿಸಿದರು. ಹಿಂದಿನ ಸಲ ತಿಂಗಳ ಖರ್ಚು ಎಷ್ಟು ಎಂದು ಕೇಳಿದಾಗ ಅವಳು ತಲೆ ತಗ್ಗಿಸಿದ್ದಳು. ಈ ಸಲ ಮೇಡಂ ಅವಳ ಕೈಲಿ ಒಂದು ನೋಟ್‌ಬುಕ್ ಬರೆಸಿದ್ದರು. ಸ್ಕೂಲ್ ಫೀಸು, ಮಗುವಿನ ಔಷಧಿ, ಬಸ್ ಚಾರ್ಜು. ಅವಳು ಅದನ್ನು ನೋಡಿ ನಿಧಾನಕ್ಕೆ ಓದಿದಳು. ತಿಂಗಳಿಗೆ 9,000 ಮಧ್ಯಂತರ ಆದೇಶವಾಯಿತು.

ಮೇಡಂ ಅವರಲ್ಲೂ ಕೊರತೆ ಇದೆ. ಫೋನ್ ಎತ್ತುವುದಿಲ್ಲ, ಸಂಜೆ ಏಳರ ನಂತರವೇ ಉತ್ತರ. ಅದಕ್ಕೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ವಾಯಿದೆ ತಾರೀಖು ನಾನೇ ನೋಡಿಕೊಳ್ಳುತ್ತೇನೆ. ಕ್ರಿಮಿನಲ್ ಕೇಸಿನ ಪಾಟೀಸವಾಲಿನಲ್ಲಿ ಸೀನಿಯರ್‌ಗೆ ಇದ್ದ ಖದರ್ ಇವರಿಗಿಲ್ಲ, ಅದನ್ನೂ ಹೇಳಬೇಕು.

ಹೋದ ತಿಂಗಳು ನಮ್ಮ ಊರಿನ ಒಬ್ಬರು ರಾತ್ರಿ ಹತ್ತಕ್ಕೆ ಬಂದರು, ಮಗನನ್ನು ಪೊಲೀಸರು ಹುಡುಕುತ್ತಿದ್ದಾರೆ ಎಂದು. ಅವರಿಗೆ ಸೀನಿಯರ್ ನಂಬರನ್ನೇ ಕೊಟ್ಟೆ. ಸ್ವಲ್ಪ ಹೊತ್ತು ಕೂತವರು, ಇದೆಲ್ಲ ಸೊಸೆಯ ವಿಷಯಕ್ಕೆ ಶುರುವಾಗಿದ್ದು ಎಂದರು. ಹಾಗಾದರೆ ಜಾಮೀನು ಅರ್ಜಿಯ ಪ್ರತಿಯೊಂದು ಹಾಳೆಯ ಜೆರಾಕ್ಸ್ ಇಟ್ಟುಕೊಳ್ಳಿ ಎಂದು ಹೇಳಿ, ಮೇಡಂ ನಂಬರನ್ನೂ ಬರೆದುಕೊಟ್ಟೆ.